ಪಾಲಿನ ಕೇಸಿಗೆ ಕಟ್ಟಿದ ಲಾಯರ್ ಫೀಸು ರಿಟರ್ನ್ಸಲ್ಲಿ ಕಳೀಬಹುದಾ?

ಸಾಲಗಾಮೆ ರಸ್ತೆ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು ನಾನು, ಸಂಬಳ ಬಿಟ್ಟು ಬೇರೆ ಆದಾಯ ಇಲ್ಲ. ಅಪ್ಪ 1988ರಲ್ಲಿ ತಗೊಂಡಿದ್ದ ಸೈಟು, ಶಾಂತಿಗ್ರಾಮದ ಕಡೆ ಎರಡು ಎಕರೆ ಜಮೀನು. ಅಪ್ಪ ಹೋದ ಮೇಲೆ ತಮ್ಮನಿಗೂ ನನಗೂ ಮಾತು ಕೆಟ್ಟು 2017ರಲ್ಲಿ ಪಾಲಿನ ದಾವೆ ಹಾಕಿದೆ. 2022ರಲ್ಲಿ ಡಿಕ್ರಿ ಆಯ್ತು, ಆಮೇಲೆ ಎಫ್‌ಡಿಪಿ ಅಂತ, ಡಿಕ್ರಿ ಪ್ರಕಾರ ಆಸ್ತಿ ಹಂಚೋ ಪ್ರಕ್ರಿಯೆಗೆ, ಮತ್ತೆ ಮೂರು ವರ್ಷ. ಕೊನೆಗೆ ಸೈಟು ನನಗೆ, ಜಮೀನು ತಮ್ಮನಿಗೆ. ಈ ಫೆಬ್ರವರಿಯಲ್ಲಿ ಸೈಟು 38 ಲಕ್ಷಕ್ಕೆ ಮಾರಿದೆ.

ಇಷ್ಟು ವರ್ಷದಲ್ಲಿ ವಕೀಲರಿಗೆ, ಕೋರ್ಟ್ ಕಮಿಷನರ್‌ಗೆ, ನಕಲಿಗೆ, ಸ್ಟಾಂಪಿಗೆ ಅಂತ ಸುಮಾರು 2,85,000 ಹೋಗಿದೆ. ಸ್ಟಾಫ್ ರೂಮಲ್ಲಿ ಒಬ್ರು "ಅದನ್ನ ಸಂಬಳದಲ್ಲೇ ಕಳ್ಕೊಳ್ರಿ ಸಾರ್, ಎಲ್ಲರೂ ಹಾಕ್ತಾರೆ" ಅಂತಾರೆ. ಇನ್ನೊಬ್ರು "ಒಂದು ಪೈಸೆನೂ ಬರಲ್ಲ" ಅಂತಾರೆ. ಯಾರ ಮಾತು ನಿಜ?

ಬಿಎಂ ರೋಡ್ ಬಸವ
ಗೆದ್ದವ ಸೋತ, ಸೋತವ ಸತ್ತ ಅಂತ ಹಿರಿಯರು ಹೇಳಿದ್ದು ಇದಕ್ಕೇ ಸಾರ್. ಇದರ ಮೇಲೆ ಟ್ಯಾಕ್ಸ್ ಬೇರೆ.

ಕಾಫಿಗಿಡ
ಸಂಬಳದಲ್ಲಿ ಕಳೆಯೋಕೆ ಆಗಲ್ಲ ಮಾರಾಯ್ರೆ. ಸ್ಟ್ಯಾಂಡರ್ಡ್ ಡಿಡಕ್ಷನ್ ಏನಿದೆಯೋ ಅಷ್ಟೇ, ಹೊಸ ರಿಜೀಮಲ್ಲಿ 75,000, ಹಳೇದರಲ್ಲಿ 50,000.

ಲೆಕ್ಕದ ಪುಸ್ತಕ
ಆಡಿಟರ್ ಆಫೀಸಲ್ಲಿ ಹನ್ನೆರಡು ವರ್ಷದಿಂದ ಕೂತಿದ್ದೀನಿ, ನನಗೆ ಗೊತ್ತಿರೋದು ಹೇಳ್ತೀನಿ. ಫೀಸು ಎಷ್ಟು, ಕೇಸು ಗೆದ್ರಾ ಸೋತ್ರಾ, ಇದ್ಯಾವುದನ್ನೂ ಇಲಾಖೆ ಮೊದಲು ಕೇಳಲ್ಲ. ಈ ಕೇಸು ನಿಮ್ಮ ಯಾವ ಆದಾಯಕ್ಕೆ ಅಂಟಿಕೊಂಡಿದೆ, ಅದನ್ನ ಕೇಳುತ್ತೆ. ವ್ಯಾಪಾರಕ್ಕೆ ಅಂಟಿದ್ರೆ ವ್ಯಾಪಾರದ ಖರ್ಚು, ಅದು 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 37. ಬಡ್ಡಿ-ಗಿಡ್ಡಿ ಥರ ಇತರೆ ಆದಾಯಕ್ಕೆ ಅಂಟಿದ್ರೆ 57. ಆಸ್ತಿ ಮಾರಾಟಕ್ಕೆ ಅಂಟಿದ್ರೆ 48. ಸಂಬಳಕ್ಕೆ ಅಂಟಿಸೋಕೆ ಅಲ್ಲಿ ಗೋಂದೇ ಇಲ್ಲ. ಯಾವುದಕ್ಕೂ ಅಂಟದೇ ಇದ್ರೆ ಅದು ಮನೆ ಖರ್ಚು, ಅಕ್ಕಿ ಬೇಳೆ ಇದ್ದ ಹಾಗೆ.

ಮೇಷ್ಟ್ರಿಗೆ ದಾರಿ ಇರೋದು 48ರಲ್ಲಿ ಮಾತ್ರ. ಸೈಟು ಮಾರಿದ್ದಾರಲ್ಲ, ಅದರ ಲಾಭದ ಲೆಕ್ಕದಲ್ಲಿ. ಅಲ್ಲೂ ಪೂರ್ತಿ 2,85,000 ಬರಲ್ಲ.

ಸಾಲಗಾಮೆ ರಸ್ತೆ ಮೇಷ್ಟ್ರು
ಯಾಕೆ ಪೂರ್ತಿ ಬರಲ್ಲ ಸಾರ್? ಕೇಸು ಹಾಕದೆ ಇದ್ದಿದ್ರೆ ಸೈಟೇ ನನಗೆ ಬರ್ತಿರಲಿಲ್ಲ.

ಹಳೇ ಚಾವಡಿ
ಹುಡುಗರಾ, ಕಾನೂನಲ್ಲಿ 80ರ ಕೆಳಗೆ ಒಂದು ಇದೆ, ಲಾಯರ್ ಫೀಸಿಗೆ 5,000ದ ತನಕ ಕೊಡ್ತಾರೆ. ನಾನೇ ಎಷ್ಟೋ ಜನಕ್ಕೆ ತುಂಬಿಕೊಟ್ಟಿದ್ದೀನಿ.

ಲೆಕ್ಕದ ಪುಸ್ತಕ
ಸಾರ್, ನೀವು ಹೇಳ್ತಿರೋದು 80ವಿವಿ. ಅದನ್ನ ತೆಗೆದು 40 ವರ್ಷ ಆಯ್ತು. ಇದ್ದಾಗಲೂ ಆದಾಯ ತೆರಿಗೆ ತಕರಾರಿನ ಖರ್ಚಿಗೆ ಮಾತ್ರ ಇತ್ತು, ಪಾಲಿನ ಕೇಸಿಗೆ ಅಲ್ಲ.

ಹಳೇ ಚಾವಡಿ
ತೆಗೆದರಾ? ನಾನು ಪ್ರಾಕ್ಟೀಸ್ ಬಿಟ್ಟಿದ್ದೂ ಸುಮಾರು ಆಗಲೇ. ಸರಿ ಬಿಡಿ. ಆಗ 5,000 ಅಂದ್ರೆ ದುಡ್ಡು.

ಅರಸೀಕೆರೆ ಹಾರ್ಡ್‌ವೇರ್
ನನ್ನದು ಸ್ವಲ್ಪ ಬೇರೆ, ಇಲ್ಲೇ ಕೇಳ್ತೀನಿ. ಒಬ್ಬ ಕಂಟ್ರಾಕ್ಟರ್‌ಗೆ ಕಬ್ಬಿಣ ಸಿಮೆಂಟು ಕೊಟ್ಟೆ, 4 ಲಕ್ಷದ ಚೆಕ್ ಬೌನ್ಸ್. 138 ಅಂತ ಕ್ರಿಮಿನಲ್ ಕೇಸು ಹಾಕಿದೀನಿ. ಇನ್ನೊಬ್ಬ ಷಡ್ಡಕ. ಕೈಸಾಲ ಕೊಟ್ಟಿದ್ದೆ, ಅವನ ಚೆಕ್ಕೂ ಬೌನ್ಸ್. ಅದಕ್ಕೂ 138. ಎರಡಕ್ಕೂ ಒಬ್ಬರೇ ಲಾಯರ್, ಒಂದೇ ಕೋರ್ಟು, ವಾಯ್ದಾನೂ ಒಂದೇ ದಿನ ಹಾಕಿಸ್ಕೊಂಡಿದೀನಿ. ಫೀಸು ಅಂಗಡಿ ಖರ್ಚಿಗೆ ಬರ್ಕೋಬಹುದಾ?

ಲೆಕ್ಕದ ಪುಸ್ತಕ
ಕಂಟ್ರಾಕ್ಟರ್‌ದು ಬರುತ್ತೆ, ಷಡ್ಡಕಂದು ಬರಲ್ಲ. ಕಬ್ಬಿಣ ಕೊಟ್ಟಿದ್ದು ಅಂಗಡಿ, ಕೈಸಾಲ ಕೊಟ್ಟಿದ್ದು ನೀವು. ಲಾಯರ್ ಹತ್ರ ಎರಡು ಬೇರೆ ಬೇರೆ ರಸೀದಿ ತಗೊಳ್ಳಿ. ಇನ್ನೊಂದು, ಒಂದೇ ದಿನ ಒಬ್ಬರಿಗೆ 10,000ಕ್ಕಿಂತ ಜಾಸ್ತಿ ನಗದು ಕೊಟ್ರೆ ಆ ಖರ್ಚನ್ನ ಒಪ್ಪಲ್ಲ, 40ಎ(3). ಬ್ಯಾಂಕಲ್ಲೇ ಹಾಕಿ.

ನೀವು 44ಎಡಿಯಲ್ಲಿ 8 ಪರ್ಸೆಂಟೋ 6 ಪರ್ಸೆಂಟೋ ಲಾಭ ತೋರಿಸ್ತಿದ್ರೆ ಇದ್ಯಾವುದೂ ಬೇಕಿಲ್ಲ. ಅಲ್ಲಿ ಎಲ್ಲ ಖರ್ಚೂ ಆಗಲೇ ಕಳೆದಾಯ್ತು ಅಂತ ಲೆಕ್ಕ.

ಅರಸೀಕೆರೆ ಹಾರ್ಡ್‌ವೇರ್
8 ಪರ್ಸೆಂಟೇ ತೋರಿಸ್ತಿರೋದು. ಹಾಗಾದ್ರೆ ಎರಡೂ ಹೋಯ್ತು. ಷಡ್ಡಕನಿಗೆ ಸಾಲ ಕೊಟ್ಟಿದ್ದು ನನ್ನ ಹೆಂಡತಿ ಮಾತು ಕೇಳಿ, ಈಗ ಅವಳೂ ಮಾತಾಡಲ್ಲ, ಅವನೂ ಮಾತಾಡಲ್ಲ.

ಬಿಎಂ ರೋಡ್ ಬಸವ
ಅಣ್ಣ ಹಂಗಾದ್ರೆ ಮನೇಲಿ ಅಡುಗೆ ಯಾರು ಮಾಡ್ತಾರೆ

ವಕಾಲತ್ತು
ನಾನು ವಕೀಲ, ಅದಕ್ಕೇ ಸುಮ್ನಿದ್ದೆ. ಕ್ರಿಮಿನಲ್ ಕೇಸು ಅಂದ ತಕ್ಷಣ ವ್ಯಾಪಾರದ ಖರ್ಚಾಗಲ್ಲ ಅಂತ ಒಂದು ನಂಬಿಕೆ ಇದೆ, ಅದಕ್ಕೆ ಎರಡು ಮಾತು. 1953ರಲ್ಲಿ ಸುಪ್ರೀಂ ಕೋರ್ಟ್ ಹಿರ್ಜಿ ಕೇಸಲ್ಲಿ ಬೇಡ ಅಂತು. ಜಾಸ್ತಿ ಬೆಲೆಗೆ ಮಾರಿದ ಅಂತ ವ್ಯಾಪಾರಿ ಮೇಲೆ ಹಾಕಿದ್ದ ಮೊಕದ್ದಮೆ ಅದು, ಖುಲಾಸೆ ಆದ್ರೂ ವಕೀಲರ ಖರ್ಚು ಕಳೆಯೋಕೆ ಬಿಡಲಿಲ್ಲ. 1973ರಲ್ಲಿ ಧನರಾಜಗಿರ್ಜಿ ಕೇಸಲ್ಲಿ ಅದೇ ಕೋರ್ಟು, ಸಿವಿಲ್ಲೋ ಕ್ರಿಮಿನಲ್ಲೋ ಅದು ಮುಖ್ಯ ಅಲ್ಲ, ವ್ಯಾಪಾರ ಉಳಿಸ್ಕೊಳ್ಳೋಕೆ ಮಾಡಿದ ಖರ್ಚಾದ್ರೆ ಕೊಡಿ ಅಂತು. ಹಾರ್ಡ್‌ವೇರ್ ಸಾಹೇಬ್ರು ಪುಸ್ತಕ ಇಟ್ಟು ಲೆಕ್ಕ ತೋರಿಸೋರಾಗಿದ್ರೆ ಕಂಟ್ರಾಕ್ಟರ್ ಕೇಸಿಂದು ಧಾರಾಳವಾಗಿ ಬರ್ತಿತ್ತು.

ಕಾಫಿಗಿಡ
ವಕೀಲ್ರೇ, ನೀವು ರಸೀದಿ ಕೊಡ್ತೀರಾ ಮೊದಲು ಅದು ಹೇಳಿ. ನಮ್ಮವರು ಕೊಟ್ಟಿದ್ದು ಒಂದೇ, ಡೈರಿ ಹಾಳೆ ಹರಿದು "ಬಾಬ್ತು 5000" ಅಂತ. ಗುಮಾಸ್ತನ ಸಹಿ.

ವಕಾಲತ್ತು
ಕೇಳಿದ್ರೆ ಕೊಡ್ತೀವಿ. ಕೇಳೋರೇ ಇಲ್ಲ. ಕೇಸು ಮುಗಿದು ಎರಡು ವರ್ಷ ಆದ ಮೇಲೆ ಫೋನ್ ಮಾಡಿ "ಸಾರ್ 2018ರಿಂದ ಒಂದು ರಸೀದಿ ಮಾಡಿಕೊಡಿ" ಅಂದ್ರೆ ಯಾರು ಕೊಡ್ತಾರೆ?

ಕಾಫಿಗಿಡ
ಕೇಳಿದ್ರೆ ಮುಖ ಗಂಟು ಹಾಕ್ಕೊಳ್ತಾರೆ, ಅದನ್ನ ಹೇಳಲಿಲ್ಲ ನೀವು.

ವಕಾಲತ್ತು
ಮುಖ ಗಂಟು ಹಾಕ್ಕೊಂಡ್ರೆ ಬ್ಯಾಂಕಲ್ಲಿ ಹಾಕಿ ಸ್ವಾಮಿ. ಅದಕ್ಕಿಂತ ದೊಡ್ಡ ರಸೀದಿ ಉಂಟಾ? ವಕೀಲನಿಗೆ 44ಎಡಿಎಯಲ್ಲಿ ಬಂದಿದ್ದರ ಅರ್ಧ ಆದಾಯ ಅಂತ ತೋರಿಸೋಕೆ ಅವಕಾಶ ಇದೆ, ಬಚ್ಚಿಡೋ ಅಗತ್ಯ ಏನೂ ಇಲ್ಲ. ಇನ್ನೊಂದು, ಮನೆ ವಿಷಯದ ಕೇಸಿಗೆ ನೀವು ವಕೀಲರಿಗೆ ಜಿಎಸ್‌ಟಿ ಕೊಡೋ ಹಾಗಿಲ್ಲ, ಅದು ವಿನಾಯಿತಿ. ಯಾರಾದ್ರೂ 18 ಪರ್ಸೆಂಟ್ ಸೇರಿಸಿ ಕೇಳಿದ್ರೆ ಯಾಕೆ ಅಂತ ಕೇಳಿ.

ಮೂಡಿಗೆರೆ ಮಳೆ
ತೋಟದವರ ಕತೆ ಯಾರೂ ಹೇಳಲಿಲ್ಲವಲ್ಲ. ನಮ್ಮದು ಎಂಟು ಎಕರೆ ಅರೇಬಿಕಾ. ಪಕ್ಕದವರು ಬೇಲಿ ಸರಿಸಿ ಎರಡು ಸಾಲು ಗಿಡ ಅವರದ್ದು ಅಂದ್ರು. ಹದ್ದುಬಸ್ತು ಮಾಡಿಸಿದೆ, ಇಂಜಂಕ್ಷನ್ ತಂದೆ, ಒಂದು ಕೊಯ್ಲು ಪೂರ್ತಿ ಕೋರ್ಟಲ್ಲೇ ಹೋಯ್ತು. ಎರಡು ಸಾಲು ಗಿಡದ ಹಣ್ಣಿಗೆ ಎಂಬತ್ತು ಸಾವಿರ ಖರ್ಚು. ಆಡಿಟರ್ ಹತ್ರ ಹೋದ್ರೆ "ನೀವು ಚೆರ್ರಿ (ಒಣಗಿಸಿದ ಹಣ್ಣು) ಮಾರ್ತೀರಾ, ಕ್ಯೂರಿಂಗ್ ಮಾಡಿಸಿ (ಸಿಪ್ಪೆ ತೆಗೆಸಿ) ಮಾರ್ತೀರಾ" ಅಂತ ಕೇಳಿದ್ರು. ಅದಕ್ಕೂ ಇದಕ್ಕೂ ಎಂತ ಸಂಬಂಧ ಅಂತ ನನಗೆ ಅರ್ಥ ಆಗಲಿಲ್ಲ.

ಲೆಕ್ಕದ ಪುಸ್ತಕ
ಸಂಬಂಧ ಇದೆ ಮೇಡಂ. ಹಣ್ಣು ಹಾಗೇ ಒಣಗಿಸಿ ಮಾರಿದ್ರೆ ಅದು ಪೂರ್ತಿ ಕೃಷಿ ಆದಾಯ, ಕೇಂದ್ರದ ತೆರಿಗೆ ಇಲ್ಲ. ತೆರಿಗೆ ಇಲ್ಲದ ಆದಾಯಕ್ಕೆ ಮಾಡಿದ ಖರ್ಚನ್ನ ಬೇರೆ ಆದಾಯದಲ್ಲಿ ಕಳೆಯೋ ಹಾಗಿಲ್ಲ, 14ಎ. ನೀವೇ ಕ್ಯೂರಿಂಗ್ ಮಾಡಿ ಮಾರಿದ್ರೆ ನಿಯಮ 7ಬಿ ಬರುತ್ತೆ. ಲಾಭದಲ್ಲಿ 25 ಪರ್ಸೆಂಟ್ ವ್ಯಾಪಾರದ ಆದಾಯ, 75 ಕೃಷಿ. ಹುರಿದು ಪುಡಿ ಮಾಡಿ ಮಾರಿದ್ರೆ 40-60. ಆಗ ತೋಟದ ಖರ್ಚೆಲ್ಲ ಮೊದಲು ಒಟ್ಟು ಲೆಕ್ಕದಲ್ಲಿ ಕಳೀತಾರೆ, ಆಮೇಲೆ ಉಳಿದಿದ್ದನ್ನ ಭಾಗ ಮಾಡ್ತಾರೆ. ನಿಮ್ಮ ಎಂಬತ್ತು ಸಾವಿರ ಒಪ್ಪಿದ್ರೂ ತೆರಿಗೆಗೆ ಲೆಕ್ಕಕ್ಕೆ ಬರೋದು ಅದರ ಕಾಲು ಭಾಗ, 20,000.

ವಕಾಲತ್ತು
ಒಪ್ಪಿದ್ರೆ ಅನ್ನೋ ಮಾತು ಮುಖ್ಯ. ನಿಮ್ಮ ಸ್ವಾಧೀನಕ್ಕೆ ಅಡ್ಡಿ ಮಾಡಬೇಡಿ ಅಂತ ತಂದ ಇಂಜಂಕ್ಷನ್ ಅಂದ್ರೆ ಇರೋ ತೋಟ ಕಾಪಾಡ್ಕೊಂಡ ಖರ್ಚು. ಜಾಗ ನನ್ನದೇ ಅಂತ ಹಕ್ಕು ಸ್ಥಾಪಿಸೋಕೆ ಹಾಕಿದ ದಾವೆ ಆದ್ರೆ ಅದನ್ನ ಬಂಡವಾಳದ ಖರ್ಚು ಅಂತ ತಳ್ಳಿಹಾಕಬಹುದು. ದಾವಾಪತ್ರದಲ್ಲಿ ಏನು ಕೇಳಿದ್ದೀರಿ ನೋಡಿ.

ಮೂಡಿಗೆರೆ ಮಳೆ
ನಮ್ಮದು ಚೆರ್ರಿ ಮಾರೋದೇ. ಬಿಡಿ, ಲೆಕ್ಕವೇ ಬೇಡ ಹಾಗಾದ್ರೆ. ಆ ಎರಡು ಸಾಲಲ್ಲಿ ಈ ಸಲ ಕಾಂಡಕೊರಕ ಬಿದ್ದಿದೆ, ಪಕ್ಕದವರಿಗೆ ಈಗ ಬೇಡವಂತೆ.

ಬಿಎಂ ರೋಡ್ ಬಸವ
😂😂 ಕಾಂಡಕೊರಕ ಮೊದಲೇ ಬಂದಿದ್ರೆ ಎಂಬತ್ತು ಸಾವಿರ ಉಳೀತಿತ್ತು ಅಕ್ಕ

ಐಜಿ ರೋಡ್ ಮಾಲೀಕ
ಚಿಕ್ಕಮಗಳೂರಲ್ಲಿ ನನ್ನ ಮಳಿಗೆ ಇದೆ. ಬಾಡಿಗೆದಾರನ ಬಿಡಿಸೋಕೆ ನಾಲ್ಕು ವರ್ಷ ಕೋರ್ಟಿಗೆ ಅಲೆದೆ. ಫೀಸು ಬಾಡಿಗೆ ಆದಾಯದಲ್ಲಿ ಕಳೆಯೋಕೆ ಬರಲ್ಲ. 30 ಪರ್ಸೆಂಟ್ ಸುಮ್ನೆ ಕೊಡ್ತಾರಲ್ಲ, ರಿಪೇರಿ, ವಕೀಲ, ಸುಣ್ಣ ಬಣ್ಣ ಎಲ್ಲ ಅದರಲ್ಲೇ ಬಂತು ಅಂತೆ. ನಾನು ಸುಣ್ಣ ಹೊಡೆಸಿಯೇ ಇಲ್ಲ, ಅದಕ್ಕೂ 30 ಪರ್ಸೆಂಟ್ ಕೊಟ್ಟಿದ್ದಾರೆ, ಅಂದ್ಮೇಲೆ ದೂರೋ ಹಾಗಿಲ್ಲ.

ನೀಲಿ ಸೀರೆ
ಡೈವೋರ್ಸ್ ಕೇಸಿನ ಫೀಸಿಗೆ ಏನಾದ್ರೂ ಇದೆಯಾ? ಎರಡು ವರ್ಷ ಆಯ್ತು. ಬ್ಯಾಂಕಲ್ಲಿ ಕೆಲಸ, ಟಿಡಿಎಸ್ ಸರಿಯಾಗಿ ಹಿಡೀತಾರೆ.

ಲೆಕ್ಕದ ಪುಸ್ತಕ
ಇಲ್ಲಮ್ಮ. ಫೀಸಿಗೆ ಏನೂ ಇಲ್ಲ. ಒಂದೇ ಸಲಕ್ಕೆ ಇಡಿಗಂಟು ಜೀವನಾಂಶ ಬಂದ್ರೆ ಅದು ಆದಾಯ ಅಲ್ಲ, ತೆರಿಗೆ ಬರಲ್ಲ. ತಿಂಗಳು ತಿಂಗಳು ಬರೋ ಹಾಗಿದ್ರೆ ಅದನ್ನ ಆದಾಯ ಅಂತ ಬಾಂಬೆ ಹೈಕೋರ್ಟ್ 1983ರಲ್ಲಿ ಹೇಳಿದೆ. ರಾಜಿ ಮಾತುಕತೆ ನಡೀತಿದ್ರೆ ಇದು ತಲೇಲಿ ಇರಲಿ.

ವಕಾಲತ್ತು
ಅಕ್ಕ, ಫೀಸು ಭಾರ ಅನ್ನಿಸಿದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟ್ ಆವರಣದಲ್ಲೇ ಇರುತ್ತೆ. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ರೂ ವಕೀಲರನ್ನ ಉಚಿತವಾಗಿ ಕೊಡಬೇಕು. ಬ್ಯಾಂಕ್ ಕೆಲಸ ಇದೆ ಅಂತ ಹಿಂಜರೀಬೇಡಿ.

ನೀಲಿ ಸೀರೆ
ಇದು ಯಾರೂ ಹೇಳೇ ಇರಲಿಲ್ಲ. ಥ್ಯಾಂಕ್ಸ್ ಸಾರ್.

ಕಾಫಿಗಿಡ
ವಕೀಲರೇ ವಕೀಲರ ಫೀಸು ಉಳಿಸಿದ್ದು ಇದೇ ಮೊದಲು ನೋಡಿದ್ದು. ರಸೀದಿ ವಿಷಯ ಮಾತ್ರ ಮರೆಯಲ್ಲ.

ಸಕಲೇಶಪುರ ಘಾಟಿ
ನಮ್ಮ ಜಮೀನು ಸರ್ಕಾರ ತಗೊಂಡು ಪರಿಹಾರ ಕಮ್ಮಿ ಕೊಟ್ಟಿತ್ತು. ಕೋರ್ಟಿಗೆ ಹೋಗಿ ಜಾಸ್ತಿ ಮಾಡಿಸಿದ್ವಿ, ಜೊತೆಗೆ ತಡ ಆಗಿದ್ದಕ್ಕೆ ಬಡ್ಡಿ. ವಕೀಲರಿಗೆ ಬಂದಿದ್ದರಲ್ಲಿ ಇಷ್ಟು ಅಂತ ಕೊಟ್ವಿ. ಅದು?

ಲೆಕ್ಕದ ಪುಸ್ತಕ
ಎರಡು ಭಾಗ ಮಾಡಿ ನೋಡಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಬಂದ ಪರಿಹಾರಕ್ಕೆ ಸೆಕ್ಷನ್ 96ರ ಪ್ರಕಾರ ತೆರಿಗೆಯೇ ಇಲ್ಲ, ಹಾಗಾಗಿ ಫೀಸು ಕಳೆಯೋ ಮಾತೂ ಇಲ್ಲ. ಹಳೇ ಕಾಯ್ದೆಯದ್ದು, ತೆರಿಗೆ ಬರೋ ಜಮೀನಿಂದು ಆದ್ರೆ, ಪರಿಹಾರ ಜಾಸ್ತಿ ಮಾಡಿಸೋಕೆ ಕೋರ್ಟಿಗೆ ಹಾಕಿದ ಖರ್ಚನ್ನ ಕಳೀಬಹುದು ಅಂತ ಕೇರಳ ಹೈಕೋರ್ಟಿನ ತೀರ್ಪಿದೆ. ಬಡ್ಡಿದು ಬೇರೆ. ಅದರಲ್ಲಿ ಅರ್ಧ ಅವರೇ ಕಳೆದುಬಿಡ್ತಾರೆ, 57(iv). ಅರ್ಧ ಕೊಟ್ಟ ಮೇಲೆ ಬೇರೆ ಯಾವ ಖರ್ಚೂ ಕೇಳೋ ಹಾಗಿಲ್ಲ ಅಂತ ಅಲ್ಲೇ ಬರೆದಿದೆ.

ವಕಾಲತ್ತು
ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್ ಅಂತ ಫೀಸು ಮಾತಾಡೋದು ವಕೀಲರ ನಿಯಮಕ್ಕೇ ವಿರುದ್ಧ. ಯಾರು ಅಂತ ಕೇಳಲ್ಲ.

ಸಕಲೇಶಪುರ ಘಾಟಿ
ಹೇಳೋದೂ ಇಲ್ಲ.

ಸಾಲಗಾಮೆ ರಸ್ತೆ ಮೇಷ್ಟ್ರು
ಎಲ್ಲರ ಪ್ರಶ್ನೆಗೂ ಉತ್ತರ ಬಂತು, ನನ್ನದು ಅರ್ಧಕ್ಕೇ ನಿಂತಿದೆ ಸಾರ್.

ಲೆಕ್ಕದ ಪುಸ್ತಕ
ಕ್ಷಮಿಸಿ ಮೇಷ್ಟ್ರೇ, ಈಗ ನಿಮ್ಮದೇ. 2001ಕ್ಕೆ ಮುಂಚೆ ತಗೊಂಡ ಆಸ್ತಿ, ಹಾಗಾಗಿ 2001ರ ಏಪ್ರಿಲ್ 1ರ ಬೆಲೆಯನ್ನ ಅಸಲು ಅಂತ ಹಿಡೀಬಹುದು. ಆದ್ರೆ ಅವತ್ತಿನ ಸಬ್ ರಿಜಿಸ್ಟ್ರಾರ್ ದರಕ್ಕಿಂತ ಮೇಲೆ ಹೋಗೋ ಹಾಗಿಲ್ಲ. ಉದಾಹರಣೆಗೆ 3 ಲಕ್ಷ ಅಂತಿಟ್ಕೊಳ್ಳಿ. ತೆರಿಗೆ ಲೆಕ್ಕ ಎರಡು ಥರ. 12.5 ಪರ್ಸೆಂಟ್ ಲೆಕ್ಕದಲ್ಲಿ 38ರಲ್ಲಿ 3 ಹೋದ್ರೆ 35 ಲಕ್ಷ ಲಾಭ, ತೆರಿಗೆ 4,37,500. ಹಳೇ 20 ಪರ್ಸೆಂಟ್ ಲೆಕ್ಕದಲ್ಲಿ ಬೆಲೆ ಏರಿಕೆ ಸೂಚ್ಯಂಕ 376 (2001ಕ್ಕೆ 100), ಅಂದ್ರೆ 3 ಲಕ್ಷ 11,28,000 ಆಗುತ್ತೆ, ತೆರಿಗೆ 5,34,400. ಮೊದಲನೇದೇ ವಾಸಿ. ಸೆಸ್ ಬೇರೆ.

ಈಗ ಫೀಸು. ಮಾರಾಟದ ಕರಾರು, ಕ್ರಯಪತ್ರ ಬರೆಸಿದ್ದು, ಬ್ರೋಕರ್ ಕಮಿಷನ್ ಇವು ಮಾರಾಟಕ್ಕೇ ಆದ ಖರ್ಚು, ತಕರಾರಿಲ್ಲದೆ ಹೋಗುತ್ತೆ. ಪಾಲಿನ ಕೇಸಿನ ಫೀಸು ಹಾಗಲ್ಲ. ಪಾಲು ಅನ್ನೋದು ಕಾನೂನಿನ ಕಣ್ಣಲ್ಲಿ ವರ್ಗಾವಣೆಯೇ ಅಲ್ಲ, ನಿಮ್ಮದನ್ನ ನೀವು ಬೇರೆ ಮಾಡ್ಕೊಂಡಿದ್ದು. ಅಂದ್ಮೇಲೆ ಅದು ಮಾರಾಟದ ಖರ್ಚು ಹೇಗಾಗುತ್ತೆ ಅಂತ ಅಧಿಕಾರಿ ಕೇಳ್ತಾರೆ. ನಿಮ್ಮ ಉತ್ತರ ಇರಬೇಕಾದ್ದು, "ಹಕ್ಕು ಶುದ್ಧ ಆಗದೆ ಯಾರೂ ಕೊಳ್ತಿರಲಿಲ್ಲ, ಅದಕ್ಕೆ ಆದ ಖರ್ಚು ಆಸ್ತಿಯ ಅಸಲಿಗೇ ಸೇರಬೇಕು" ಅಂತ. ಈ ವಾದ ಕೆಲವು ಕಡೆ ನಿಂತಿದೆ, ಕೆಲವು ಕಡೆ ಬಿದ್ದಿದೆ.

ಜಮೀನಿನ ಭಾಗದ ಫೀಸು ಅಂತೂ ಬಿಡಬೇಕು. ಕೇಸು ಎರಡೂ ಆಸ್ತಿಗೆ, ಮಾರಿದ್ದು ಒಂದನ್ನ.

ವಕಾಲತ್ತು
ಇದಕ್ಕೆ ನನ್ನದೊಂದು ತಕರಾರು. ಹಕ್ಕಿನ ಬಗ್ಗೆ ಜಗಳ ಇದ್ದಿದ್ರೆ ವಾದ ಗಟ್ಟಿ. ಇಲ್ಲಿ ಅಣ್ಣ ತಮ್ಮ ಇಬ್ಬರಿಗೂ ಹಕ್ಕಿತ್ತು, ಜಗಳ ಯಾರಿಗೆ ಯಾವುದು ಅಂತ. ನಾನಾಗಿದ್ರೆ ಎಫ್‌ಡಿಪಿ ಖರ್ಚಿನಲ್ಲಿ ಸೈಟಿನ ಪಾಲು, ಕಮಿಷನರ್ ಫೀಸು, ಡಿಕ್ರಿಗೆ ಹಾಕಿದ ಸ್ಟಾಂಪು ಇಷ್ಟನ್ನ ಕೇಳ್ತೀನಿ. ಸೈಟು ನಿಮ್ಮ ಹೆಸರಿಗೆ ನಿಂತಿದ್ದೇ ಅಲ್ಲಿಂದ. ಮೊದಲನೇ ಐದು ವರ್ಷದ ಫೀಸಿಗೆ ಕೈ ಹಾಕಲ್ಲ.

ಲೆಕ್ಕದ ಪುಸ್ತಕ
ನಾನು ಕೈ ಹಾಕ್ತೀನಿ, ದಾಖಲೆ ಇದ್ರೆ. ಕೇಳದೆ ಬಿಟ್ರೆ ಯಾರೂ ಕರೆದು ಕೊಡಲ್ಲ.

ವಕಾಲತ್ತು
ನೋಟಿಸ್ ಬಂದ್ರೆ ಅದಕ್ಕೆ ಉತ್ತರ ಬರೆಯೋ ಫೀಸು ಯಾರು ಕೊಡ್ತಾರೆ? ಅದನ್ನೂ ಕಳೆಯೋಕೆ ಬರಲ್ಲ!

ಬಿಎಂ ರೋಡ್ ಬಸವ
ಇಬ್ರೂ ಫೀಸ್ ತಗೊಳ್ದೆ ಜಗಳ ಆಡ್ತಿದ್ದಾರೆ, ನೋಡ್ಕೊಳ್ಳಿ ಮೇಷ್ಟ್ರೇ, ಇಂಥ ದಿನ ಮತ್ತೆ ಬರಲ್ಲ

ಕಡೂರು ಎಕ್ಸ್‌ಪ್ರೆಸ್
ಎಲ್ಲ ಬಿಟ್ಟು ಒಂದು ಮಾತು. ಫೆಬ್ರವರಿಯಲ್ಲಿ ಮಾರಿದ್ದು ಅಂದ್ರಿ. ಆರು ತಿಂಗಳೊಳಗೆ ಸರ್ಕಾರಿ ಸಂಸ್ಥೆಗಳ 54ಇಸಿ ಬಾಂಡ್ ತಗೊಂಡ್ರೆ 50 ಲಕ್ಷದ ತನಕ ಲಾಭಕ್ಕೆ ತೆರಿಗೆಯೇ ಇಲ್ಲ, ಐದು ವರ್ಷ ದುಡ್ಡು ಮುಟ್ಟೋ ಹಾಗಿಲ್ಲ ಅಷ್ಟೇ. ಆಗಸ್ಟ್ ತನಕ ಟೈಮಿದೆ. ಇಪ್ಪತ್ತು ಸಾವಿರ ಉಳಿಸೋಕೆ ಇಷ್ಟು ಗುದ್ದಾಡ್ತಿದ್ದೀರಿ, ಪಕ್ಕದಲ್ಲಿ ನಾಲ್ಕು ಲಕ್ಷ ಬಿದ್ದಿದೆ.

ಸಾಲಗಾಮೆ ರಸ್ತೆ ಮೇಷ್ಟ್ರು
ಮಗಳ ಕಾಲೇಜಿಗೆ, ಸೊಸೈಟಿ ಸಾಲಕ್ಕೆ ಅಂತ 22 ಲಕ್ಷ ಹೋಗಿಯಾಯ್ತು ಸಾರ್. 16 ಉಳಿದಿದೆ. ಅದನ್ನಾದ್ರೂ ಹಾಕಬಹುದಾ?

ಕಡೂರು ಎಕ್ಸ್‌ಪ್ರೆಸ್
ಹಾಕಬಹುದು. ಎಷ್ಟು ಹಾಕ್ತೀರೋ ಅಷ್ಟು ಲಾಭಕ್ಕೆ ತೆರಿಗೆ ಇಲ್ಲ. ಎರಡು ಲಕ್ಷ ಉಳಿಯುತ್ತೆ. ಉಳಿದ ತೆರಿಗೆಗೆ ದುಡ್ಡು ಬೇರೆ ಎತ್ತಿಟ್ಕೊಳ್ಳಿ.

ಲೆಕ್ಕದ ಪುಸ್ತಕ
ಇವರು ಹೇಳಿದ್ದು ನಾನು ಮೊದಲೇ ಹೇಳಬೇಕಿತ್ತು. ಮತ್ತೆ ಮೇಷ್ಟ್ರೇ, ನೀವು ತುಂಬಬೇಕಾದ ರಿಟರ್ನ್ಸ್ ಫಾರಂ ಐಟಿಆರ್-1 ಅಲ್ಲ, ಐಟಿಆರ್-2. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್‌ನಿಂದ ಬಂದಿದ್ರೂ ನಿಮ್ಮ ಮಾರಾಟ ಫೆಬ್ರವರಿಯದ್ದು, ಹಾಗಾಗಿ ನಿಮಗೆ 1961ರ ಕಾಯ್ದೆಯೇ. ಇಲ್ಲಿ ಹೇಳಿದ ಆದಾಯ ತೆರಿಗೆಯ ಸೆಕ್ಷನ್, ನಿಯಮದ ನಂಬರೆಲ್ಲ ಅದರದ್ದೇ, ಹೊಸದರಲ್ಲಿ ನಂಬರ್ ಬೇರೆ. ಸ್ಟಾಫ್ ರೂಮಿನ ಮಾತು ಕೇಳಿ ಸಂಬಳದಲ್ಲಿ ಸುಳ್ಳು ಕಡಿತ ಹಾಕಬೇಡಿ. ಸುಳ್ಳು ತೋರಿಸಿದ್ದಾರೆ ಅಂತಾದ್ರೆ ತೆರಿಗೆಯ ಎರಡರಷ್ಟು ದಂಡ, 270ಎ. ಹಿಂದಿನ ವರ್ಷ ಹಾಕಿಬಿಟ್ಟಿರೋರು ಐಟಿಆರ್-ಯು ಹಾಕಿ ಸರಿ ಮಾಡ್ಕೊಳ್ಳಲಿ, ಈಗ ನಾಲ್ಕು ವರ್ಷದ ತನಕ ಅವಕಾಶ ಇದೆ.

ಹಳೇ ಚಾವಡಿ
ಸಸ್ಪೆಂಡ್ ಆಗಿ ಟ್ರಿಬ್ಯೂನಲ್‌ನಲ್ಲಿ ಗೆದ್ದು ಹಳೇ ಸಂಬಳ ಒಟ್ಟಿಗೆ ಬಂದೋರಿಗೂ ಫೀಸು ಕಳೆಯೋಕೆ ಇಲ್ಲ ತಾನೇ? ನನ್ನ ಅಳಿಯನಿಗೆ ಈಗ ಬಂದಿದೆ.

ಲೆಕ್ಕದ ಪುಸ್ತಕ
ಫೀಸು ಇಲ್ಲ. ಆದ್ರೆ ಒಂದೇ ವರ್ಷಕ್ಕೆ ಎಲ್ಲ ಬಂದು ಸ್ಲ್ಯಾಬ್ ಏರಿದ್ದಕ್ಕೆ ಪರಿಹಾರ ಇದೆ, ಹಳೇ ಕಾಯ್ದೆಯಲ್ಲಿ ಸೆಕ್ಷನ್ 89, ಹೊಸದರಲ್ಲಿ 157. ರಿಟರ್ನ್ಸ್‌ಗೆ ಮುಂಚೆ ಅದರ ಫಾರಂ (ಹಳೇ ಕಾಯ್ದೆಯಲ್ಲಿ 10ಇ) ತುಂಬಬೇಕು, ಆಮೇಲೆ ತುಂಬಿದ್ರೆ ನೋಟಿಸ್ ಬರುತ್ತೆ.

ಸಾಲಗಾಮೆ ರಸ್ತೆ ಮೇಷ್ಟ್ರು
ರಾತ್ರಿ ಕೂತು ಪಾಸ್‌ಬುಕ್, ಟ್ರಂಕು ಎಲ್ಲ ಹುಡುಕಿದೆ. 2,85,000ದಲ್ಲಿ ಬ್ಯಾಂಕಿಂದ ಹೋಗಿರೋದು 1,12,000. ಸ್ಟಾಂಪಿನ ಕಾಗದ ಇದೆ. ಉಳಿದಿದ್ದು ಡೈರಿ ಚೀಟಿ. ಕಮಿಷನರ್ ಫೀಸಿನ ರಸೀದಿ ಎಲ್ಲೂ ಸಿಗ್ತಿಲ್ಲ.

ಕಾಫಿಗಿಡ
ಹೇಳಲಿಲ್ವಾ, ಡೈರಿ ಚೀಟಿ!

ಹೊಸ ಸದಸ್ಯ 417
ಅಣ್ಣ, ನಾನು. ಶಾಂತಿಗ್ರಾಮ ಅಂದಾಗಲೇ ಗೊತ್ತಾಯ್ತು. ಕಮಿಷನರ್ ಫೀಸು ಇಬ್ಬರೂ ಅರ್ಧ ಅರ್ಧ ಕಟ್ಟಿದ್ದು, ರಸೀದಿ ನನ್ನ ಹತ್ರ ಇದೆ. ಇಬ್ಬರ ಹೆಸರೂ ಇದೆ ಅದರಲ್ಲಿ. ನಾನು ಜಮೀನು ಮಾರಲ್ಲ, ನನಗೆ ಅದರಿಂದ ಏನೂ ಆಗಬೇಕಿಲ್ಲ.

ಬಿಎಂ ರೋಡ್ ಬಸವ
😮

ಅರಸೀಕೆರೆ ಹಾರ್ಡ್‌ವೇರ್
ನನ್ನ ಷಡ್ಡಕನೂ ಇಲ್ಲಿದ್ರೆ ಹೇಳಪ್ಪ

ಸಾಲಗಾಮೆ ರಸ್ತೆ ಮೇಷ್ಟ್ರು
ವಾಟ್ಸಾಪಲ್ಲಿ ಫೋಟೋ ಕಳಿಸು. ನಂಬರ್ ಅದೇ.

ಹೊಸ ಸದಸ್ಯ 417
ನೀನು ಬ್ಲಾಕ್ ಮಾಡಿದ್ದೀಯ, ತೆಗಿ. ಫೋಟೋ ಮಸುಕಾಗಿ ಬರುತ್ತೆ, ಅಮ್ಮನ ತಿಥಿಗೆ ಬರ್ತೀಯಲ್ಲ, ಒರಿಜಿನಲ್ಲೇ ತಂದಿರ್ತೀನಿ.

ವಕಾಲತ್ತು
ಎರಡೂ ಕಡೆ ಜೆರಾಕ್ಸ್ ಇಟ್ಕೊಳ್ಳಿ.

ಮೂಡಿಗೆರೆ ಮಳೆ
ಬೇರೆ ವಿಷಯ, ಕಾಂಡಕೊರಕಕ್ಕೆ ಸುಣ್ಣ ಬಳಿಯೋದು ಈಗಲೂ ಕೆಲಸ ಮಾಡುತ್ತಾ, ಯಾರಾದ್ರೂ ನೋಡಿದ್ದೀರಾ?